ಒಳಗೆ ಅಕ್ಕ ಇದ್ದಾರೆ, ಆಫ್ ಮಾಡಬೇಡಿ

ಮಾರ್ಚ್ ಹದಿನಾರು, ಭಾನುವಾರ. ಬೆಳಗ್ಗೆ ಆರಕ್ಕೆ ಮೋಡ ಕವಿಯಿತು. ಎಂಟಕ್ಕೆ ನಾಲ್ಕು ಹನಿ ಉದುರಿದವು. ಒಂಬತ್ತಕ್ಕೆ, ಕೊಟ್ಟದ್ದು ಹೆಚ್ಚಾಯಿತೆಂದು ವಾಪಸು ಕೇಳುವವರಂತೆ ಬಿಸಿಲು ಬಂದು ಅವನ್ನೂ ಒಣಗಿಸಿಕೊಂಡು ಹೋಯಿತು. ಹತ್ತೂ ಇಪ್ಪತ್ತರ ಸುಮಾರಿಗೆ, ಮೂರನೆಯ ಮಹಡಿಯ ಮನೆಯೊಂದರಲ್ಲಿ, ಊಟದ ಮೇಜಿನ ಮೇಲೆ ಒಂದು ಫೋನು ಅಂಗಾತ ಮಲಗಿತ್ತು. ಅದರ ಒಂದು ಪಕ್ಕದಲ್ಲಿ ಗಂಡ, ಇನ್ನೊಂದು ಪಕ್ಕದಲ್ಲಿ ಹೆಂಡತಿ.

ಹೆಂಡತಿ: ಮುಟ್ಟಬೇಡಿ ಅಂದೆ! ಕೈ ಹಿಂದಕ್ಕೆ ತಗೊಳ್ಳಿ!

ಗಂಡ: ಎರಡೇ ಎರಡು ಬಟನ್ ಕಣೇ. ಒಟ್ಟಿಗೆ ಹತ್ತು ಸೆಕೆಂಡ್ ಒತ್ತಿ ಹಿಡಿದ್ರೆ ರೀಸ್ಟಾರ್ಟ್ ಆಗುತ್ತೆ.

ಹೆಂಡತಿ: ಒಳಗೆ ಅಕ್ಕ ಇದ್ದಾಳೆ!

ಗಂಡ: ಅಕ್ಕ ಅವರ ಮನೇಲಿದ್ದಾರೆ.

ಹೆಂಡತಿ: ಅವಳ ಮನೇಲೂ ಇದ್ದಾಳೆ, ಇದರೊಳಗೂ ಇದ್ದಾಳೆ. ನೋಡಿ, ಹೆಸರು ಕಾಣ್ತಿದೆ, ಕೆಳಗೆ ನಿಮಿಷ ಓಡ್ತಿದೆ. ಏಳು ನಿಮಿಷ, ನಲವತ್ತು ಸೆಕೆಂಡ್. ನಲವತ್ತೊಂದು. ನಲವತ್ತೆರಡು.

ಗಂಡ: ದನಿ ಬರ್ತಿದೆಯಾ?

ಹೆಂಡತಿ: ಇಲ್ಲ.

ಗಂಡ: ಬೆರಳಿಟ್ರೆ ಅಲ್ಲಾಡುತ್ತಾ?

ಹೆಂಡತಿ: ಇಲ್ಲ.

ಗಂಡ: ಹಾಗಾದ್ರೆ ಹೋಗಿದೆ.

ಹೆಂಡತಿ: ಅಷ್ಟಕ್ಕೇ ಹೋಗಿದೆ ಅಂತ ಬರೆದುಬಿಟ್ಟಿದ್ರೆ ನಮ್ಮ ವಾರ್ಡಿಂದ ಒಬ್ಬರೂ ನಡ್ಕೊಂಡು ಮನೆಗೆ ಹೋಗ್ತಿರ್ಲಿಲ್ಲ.

ಅವಳು ಆಸ್ಪತ್ರೆಯ ನರ್ಸು. ಆಪರೇಷನ್ ಆಗಿ ಮಲಗಿದವರ ಕೆನ್ನೆ ತಟ್ಟಿ ಎಬ್ಬಿಸುವುದು ಅವಳ ಇಪ್ಪತ್ತನಾಲ್ಕು ವರ್ಷದ ಕೆಲಸ. ಗಂಡ ಲಿಫ್ಟ್ ರಿಪೇರಿಯವನು. ಹೀಗಾಗಿ ಮೇಜಿನ ಮೇಲೆ ಮಲಗಿದ್ದ ವಸ್ತುವನ್ನು ಅವಳು ರೋಗಿಯೆಂದೂ ಅವನು ಯಂತ್ರವೆಂದೂ ತಿಳಿದಿದ್ದರು. ಒಳಗೊಬ್ಬರು ಸಿಕ್ಕಿಕೊಂಡಿದ್ದಾರೆ ಎನ್ನುವುದನ್ನು ಮಾತ್ರ, ವಾದದ ಬಿಸಿಯಲ್ಲಿ, ಅವನೂ ಅರ್ಧ ಒಪ್ಪಿಬಿಟ್ಟಿದ್ದ.

ಅಕ್ಕತಂಗಿಯರ ತವರಿನಲ್ಲಿ ಅವರ ತಾಯಿ ಮಾಡಿಟ್ಟ ಒಂದು ಕಾನೂನಿತ್ತು: ಫೋನನ್ನು ಯಾರು ಮಧ್ಯದಲ್ಲಿ ಕಟ್ ಮಾಡಿದರೋ ಅವರೇ ಮತ್ತೆ ಮಾಡಬೇಕು. ಮೂರು ವರ್ಷದ ಹಿಂದೆ ಅಕ್ಕ "ನೋಡು, ನೀನು ಮೊದಲು ನಿನ್ನ…" ಎನ್ನುವಷ್ಟರಲ್ಲಿ ಕರೆ ಕಡಿದುಹೋಯಿತು. ಅಕ್ಕನೇ ಕಟ್ ಮಾಡಿದಳೆಂದು ತಂಗಿ ಕಾದಳು. ತಂಗಿಯೇ ಕಟ್ ಮಾಡಿದಳೆಂದು ಅಕ್ಕ ಕಾದರು. ಎರಡು ಮನೆಗಳ ನಡುವೆ ಹನ್ನೊಂದು ಬಸ್ ಸ್ಟಾಪುಗಳಿದ್ದವು. ಇಬ್ಬರಲ್ಲಿ ಒಬ್ಬರೂ ಬಸ್ಸು ಹತ್ತಲಿಲ್ಲ. ಆ ಅರ್ಧ ವಾಕ್ಯವನ್ನು ಹೆಂಡತಿ ಮಾತ್ರ ಪೂರ್ತಿ ಮಾಡುತ್ತಲೇ ಬಂದಳು. ಮೊದಲ ವರ್ಷ ಅದು "ನಿನ್ನ ನಾಲಿಗೆ ಬಿಗಿ ಹಿಡಿ" ಎಂದಿತ್ತು. ಎರಡನೆಯ ವರ್ಷ "ನಿನ್ನ ಕೆಲಸ ನೋಡ್ಕೋ" ಎಂದಾಯಿತು. ಗಂಡನಿಗೆ ಮೊದಲ ದಿನದಿಂದಲೂ ಒಂದೇ ಅನುಮಾನ: "ನಿನ್ನ" ಎಂಬುದರ ಮುಂದೆ ಬರಬೇಕಾಗಿದ್ದದ್ದು "ಗಂಡನನ್ನು". ಅದರ ಮುಂದಿನ ಕ್ರಿಯಾಪದ ಯಾವುದಿದ್ದೀತೆಂದು ಯೋಚಿಸುತ್ತ ಅವನು ಎಷ್ಟೋ ಲಿಫ್ಟುಗಳನ್ನು ಎರಡು ಮಹಡಿಗಳ ನಡುವೆ ನಿಲ್ಲಿಸಿದ್ದುಂಟು.

ಈ ದಿನ ಅಕ್ಕ ತಾವಾಗಿ ಫೋನ್ ಮಾಡಿದ್ದರು. ಆರು ನಿಮಿಷ ಮಂಡಿನೋವು, ಸೆಕೆ, ನೀರಿನ ಟ್ಯಾಂಕು. ಏಳನೆಯ ನಿಮಿಷಕ್ಕೆ, "ಆವತ್ತು ನಾನು ಹೇಳಿದ್ದು ಏನಂದ್ರೆ, ನೀನು ಮೊದಲು ನಿನ್ನ…" ಎಂದರು. ಫೋನು ಸ್ತಬ್ಧವಾಯಿತು.

ಗಂಡ: ಎರಡನೇ ಸಲಾನೂ ಅದೇ ಜಾಗದಲ್ಲಿ ನಿಂತಿದೆ ನೋಡು. ಆ ವಾಕ್ಯದಲ್ಲೇ ಏನೋ ತೊಡಕಿದೆ.

ಹೆಂಡತಿ: ಈಗ ನಾವು ಕಟ್ ಮಾಡಿದ್ರೆ, ಬೇಕಂತಲೇ ಮಾಡಿದ್ಲು ಅಂದ್ಕೋತಾಳೆ.

ಗಂಡ: ಕಟ್ ಮಾಡಿ ನಾವೇ ಮತ್ತೆ ಮಾಡಿದ್ರಾಯ್ತು. ಕಾನೂನು ಹಾಗೇ ಇದೆಯಲ್ಲ?

ಹೆಂಡತಿ: ಆಹಾ! ಇವತ್ತು ನಾನು ಮತ್ತೆ ಮಾಡಿದ್ರೆ, ಆವತ್ತೂ ನಾನೇ ಕಟ್ ಮಾಡಿದ್ದು ಅಂತ ಒಪ್ಕೊಂಡ ಹಾಗೆ. ಮೂರು ವರ್ಷದ ತಪ್ಪು ನನ್ನ ತಲೆ ಮೇಲೆ.

ಗಂಡ: ಇರು, ನನ್ನ ಫೋನಿಂದ ಅಕ್ಕನಿಗೆ ಮಾಡ್ತೀನಿ.

ಮಾಡಿದ. ಎಂಗೇಜ್ ಟೋನು ಬಂತು. ಇಬ್ಬರೂ ಮೇಜಿನ ಮೇಲಿನ ಫೋನನ್ನು ಹೊಸ ಗೌರವದಿಂದ ನೋಡಿದರು.

ಹೆಂಡತಿ: ಅಂದ್ರೆ ಇನ್ನೂ ಲೈನಲ್ಲಿದ್ದಾಳೆ.

ಗಂಡ (ದನಿ ತಗ್ಗಿಸಿ): ಹಾಗಾದ್ರೆ ಒಂದು ಮಾತು. ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡವರ ಕೂಗು ಹೊರಗಿರೋ ನಮಗೆ ಕೇಳಿಸಲ್ಲ. ಆದ್ರೆ ನಮ್ಮ ಮಾತು ಒಂದೊಂದೂ ಅವರಿಗೆ ಕೇಳಿಸುತ್ತೆ. ಒಂದ್ಸಲ ಹೊರಗೆ ನಿಂತ್ಕೊಂಡು, "ಯಾವ ಮೂಟೆ ಹತ್ತಿತ್ತೋ ಇದನ್ನ" ಅಂದೆ. ಬಾಗಿಲು ತೆಗೆದ್ರೆ ನಮ್ಮ ಮ್ಯಾನೇಜರು.

ಹೆಂಡತಿ (ಮುಖ ಬಿಳಿಚಿ): ನಾನು ಇಷ್ಟು ಹೊತ್ತು ಏನೇನಂದೆ?

ಗಂಡ: "ಬೇಕಂತಲೇ ಮಾಡಿದ್ಲು ಅಂದ್ಕೋತಾಳೆ" ಅಂದೆ.

ಹೆಂಡತಿ (ಫೋನಿನತ್ತ ಬಾಗಿ, ಗಟ್ಟಿಯಾಗಿ): ಅಕ್ಕ ಹಾಗೆಲ್ಲ ಅಂದ್ಕೊಳ್ಳೋಳೇ ಅಲ್ಲ ರೀ! ನಮ್ಮಕ್ಕನಂಥ ತಾಳ್ಮೆ ಯಾರಿಗಿದೆ!

ಗಂಡ (ಅದೇ ದನಿಯಲ್ಲಿ): ಅಕ್ಕ, ಗಾಬರಿ ಆಗ್ಬೇಡಿ! ತಜ್ಞರು ಬಂದಿದ್ದಾರೆ! ಗಾಳಿ ಧಾರಾಳವಾಗಿದೆ. ಬಾಗಿಲನ್ನ ನೀವಾಗೇ ಎಳೆಯೋಕೆ ಹೋಗ್ಬೇಡಿ!

ಹೆಂಡತಿ: ಯಾವ ಬಾಗಿಲು?

ಗಂಡ: ಬಾಯಿಗೆ ಅಭ್ಯಾಸ.

ಇನ್ನು ಮುಂದೆ ನಿಜವಾದ ಮಾತೆಲ್ಲ ಕಾಗದದ ಮೇಲೆ, ಬಾಯಲ್ಲಿ ಬರೀ ಒಳ್ಳೆಯ ಮಾತು ಎಂದು ಸನ್ನೆಯಲ್ಲೇ ಒಪ್ಪಂದವಾಯಿತು. ಗಂಡ ರಿಪೇರಿ ಫಾರಮ್ಮಿನ ಹಿಂಬದಿಯಲ್ಲಿ ಒಂದು ಸಾಲು ಬರೆದು ಹೆಂಡತಿಯ ಕಡೆ ತಳ್ಳಿದ. ಅವನು ಮರೆತದ್ದು ಒಂದೇ ಸಂಗತಿ. ಅವಳ ವಾರ್ಡಿನಲ್ಲಿ, ಬರೆದುಕೊಟ್ಟ ಯಾವ ಸೂಚನೆಯನ್ನೇ ಆಗಲಿ ಗಟ್ಟಿಯಾಗಿ ಓದಿ ಹೇಳಿದ ಮೇಲೆಯೇ ಪಾಲಿಸಬೇಕೆಂಬ ನಿಯಮವಿತ್ತು.

ಹೆಂಡತಿ (ಕಾಗದವನ್ನು ತೋಳಳತೆಯಲ್ಲಿ ಹಿಡಿದು, ಸ್ಪಷ್ಟವಾಗಿ): "ನಿನ್ನ ಅಕ್ಕ ಹಠಮಾರಿ. ಕೇಳಿಸಿದರೂ ಒಪ್ಪಿಕೊಳ್ಳುವ ಹೆಂಗಸಲ್ಲ. ಕಟ್ ಮಾಡೋಣ." ಸರಿಯಾ?

ಗಂಡ ಎರಡೂ ಕೈಗಳಿಂದ ಫೋನನ್ನು ಮುಚ್ಚಲು ಹೋಗಿ ನೀರಿನ ಲೋಟ ಉರುಳಿಸಿದ.

ಗಂಡ (ಗಟ್ಟಿಯಾಗಿ): ಅದು ಹಳೇ ಕಾಗದ! ಬೇರೆ ಅಕ್ಕನ ವಿಷಯ!

ಹೆಂಡತಿ: ಯಾವ ಬೇರೆ ಅಕ್ಕ? ನಿಮಗೆ ಅಕ್ಕಾನೇ ಇಲ್ಲ!

ಗಂಡ: ಕಚೇರೀಲಿ! ಕಚೇರೀಲಿ ಒಬ್ಬರಿದ್ದಾರೆ!

ಹೆಂಡತಿ: ಯಾರದು?

ಈ ಹೊಸ ಅಕ್ಕನನ್ನು ಮಾತಿನಿಂದ ಹೊರಗೆ ಸಾಗಹಾಕಲು ಹತ್ತು ನಿಮಿಷ ಹಿಡಿಯಿತು. ಆಮೇಲೆ ಗಂಡ ತನ್ನ ಫೋನಿನಲ್ಲಿ ಹುಡುಕಿ, "ಕೈಕೊಟ್ಟ ಫೋನನ್ನು ರೀಸ್ಟಾರ್ಟ್ ಮಾಡುವ ಏಳು ವಿಧಾನಗಳು" ಎಂಬ ಪುಟವನ್ನು ತೆರೆದ.

ಗಂಡ: ಒಂದು. ಪಕ್ಕದ ಬಟನ್ ಒತ್ತಿ, ಪರದೆ ಮೇಲೆ "ರೀಸ್ಟಾರ್ಟ್" ಅಂತ ಬಂದಾಗ ಬೆರಳಿಂದ ಮುಟ್ಟಿ.

ಹೆಂಡತಿ: ಬೆರಳು ಮುಟ್ಟಿದ್ದು ಅದಕ್ಕೆ ಗೊತ್ತಾಗ್ತಿದ್ರೆ ನಾವು ಇಲ್ಲಿ ಯಾಕೆ ಕೂತಿರ್ತಿದ್ವಿ? ಸ್ಪರ್ಶಜ್ಞಾನ ಇನ್ನೂ ಬಂದಿಲ್ಲ.

ಗಂಡ: ಎರಡು, ಸೆಟ್ಟಿಂಗ್ಸ್ ಒಳಗೆ ಹೋಗಿ. ಅದೂ ಬೆರಳೇ, ಬಿಡು. ಮೂರು, ಬಾಯಲ್ಲಿ ಹೇಳಿದ್ರೆ ಸಾಕಂತೆ. "ಆಫ್ ಆಗು" ಅಂದ್ರೆ ತಾನೇ ಆಫ್ ಆಗುತ್ತಂತೆ.

ಹೆಂಡತಿ: ಅಕ್ಕನ ಕಿವಿಗೇ ನೆಟ್ಟಗೆ "ಆಫ್ ಆಗು" ಅಂತೀರಾ?

ಗಂಡ: ಮರ್ಯಾದೆಯಿಂದ ಹೇಳೋಣ. "ಆಫ್ ಆಗಿ" ಅಂತ.

ಹೆಂಡತಿ: ಮುಂದೆ ಓದಿ.

ಗಂಡ: ನಾಲ್ಕು, ವಾರಕ್ಕೊಂದು ಸಲ ತಾನಾಗೇ ರೀಸ್ಟಾರ್ಟ್ ಆಗೋ ಹಾಗೆ ಮೊದಲೇ ಟೈಮ್ ಇಟ್ಟಿರ್ಬೇಕು. ಇಟ್ಟಿದ್ದೀಯಾ?

ಹೆಂಡತಿ: ಇಲ್ಲ.

ಗಂಡ: ಕೊನೇ ಸಲ ಇದನ್ನ ಆಫ್ ಮಾಡಿದ್ದು ಯಾವಾಗ?

ಹೆಂಡತಿ ಬಟ್ಟೆ ತಂದು ಚೆಲ್ಲಿದ ನೀರು ಒರೆಸಿದಳು. ಒರೆಸಿದ ಜಾಗವನ್ನೇ ಮತ್ತೊಮ್ಮೆ ಒರೆಸಿದಳು.

ಗಂಡ: ಐದು, ಬ್ಯಾಟರಿ ತೆಗೆದು ಹಾಕಿ. ಇದರ ಬೆನ್ನು ಬಿಚ್ಚೋಕೇ ಬರಲ್ಲ. ಆರು, ನಾನು ಹೇಳಿದ್ದು. ಎರಡು ಬಟನ್, ಹತ್ತು ಸೆಕೆಂಡ್.

ಹೆಂಡತಿ: ಅದು ಕತ್ತು ಹಿಸುಕಿದ ಹಾಗೆ.

ಗಂಡ: ಏಳು. ಚಾರ್ಜ್ ಪೂರ್ತಿ ಮುಗಿಯೋ ತನಕ ಬಿಟ್ಟುಬಿಡಿ. ತಾನೇ ಆರಿಹೋಗುತ್ತೆ.

ಇದನ್ನು ಕೇಳಿ ಹೆಂಡತಿ ಬಟ್ಟೆ ಕೆಳಗಿಟ್ಟಳು.

ಹೆಂಡತಿ: ಅಂದ್ರೆ, ಸಹಜವಾಗಿ.

ಗಂಡ: ಸಹಜವಾಗಿ. ಯಾರ ಕೈಯೂ ತಾಗಿರಲ್ಲ. ನೀನೂ ಕಟ್ ಮಾಡಿಲ್ಲ, ಅವರೂ ಕಟ್ ಮಾಡಿಲ್ಲ. ಕಾಲ ಕೂಡಿಬಂತು, ಕಟ್ ಆಯ್ತು.

ಹೆಂಡತಿ: ಎಷ್ಟಿದೆ ಈಗ?

ಗಂಡ: ಹನ್ನೊಂದು ಪರ್ಸೆಂಟ್.

ಇಬ್ಬರೂ ಕುರ್ಚಿ ಎಳೆದುಕೊಂಡು ಫೋನಿನ ಎರಡು ಪಕ್ಕ ಕುಳಿತರು. ಒಳಗಿದ್ದವರಿಗೆ ಬೇಸರವಾಗದಿರಲೆಂದು ಗಂಡ ಐದು ನಿಮಿಷಕ್ಕೊಮ್ಮೆ "ಕೆಲಸ ನಡೀತಿದೆ ಅಕ್ಕ" ಎಂದು ಕೂಗಿ ಹೇಳುತ್ತಿದ್ದ. ಎಂಟಾಯಿತು. ಆರಾಯಿತು. ಆರು ಆದಾಗ ಹೆಂಡತಿಯ ದನಿ ಬದಲಾಯಿತು.

ಹೆಂಡತಿ: ನನಗೆ ಆ ವಾಕ್ಯ ಬೇಕು ರೀ.

ಗಂಡ: ಬೈಗುಳ ಆಗಿದ್ರೆ?

ಹೆಂಡತಿ: ಆಗಿರ್ಲಿ. ಪೂರ್ತಿ ಬೈಗುಳ ಆದ್ರೆ ಒಂದ್ಸಲ ಅತ್ತು ಮುಗಿಸ್ಬಹುದು. ಅರ್ಧ ಬೈಗುಳ ಇಟ್ಕೊಂಡು ಏನು ಮಾಡ್ಲಿ? ಅಳೋಕೂ ಬರಲ್ಲ, ತಿರುಗಿ ಬೈಯೋಕೂ ಬರಲ್ಲ.

ಗಂಡ: ಅದು ನನ್ನ ವಿಷಯ ಕಣೇ. ನನಗೆ ಗೊತ್ತು. "ನಿನ್ನ ಗಂಡನ್ನ" ಅಂತಲೇ ಅವರು ಹೊರಟಿದ್ದು. ಅಕ್ಕನ ಅಡುಗೆಮನೆ ಮಿಕ್ಸಿ ನಾನು ರಿಪೇರಿ ಮಾಡಿಕೊಟ್ಟ ಮೇಲೆ ಉಲ್ಟಾ ತಿರುಗ್ತಿತ್ತಲ್ಲ, ಆವತ್ತಿಂದ ಅವರಿಗೆ ನನ್ನ ಮೇಲೆ ನಂಬಿಕೆ ಇಲ್ಲ.

ಹೆಂಡತಿ: ಮೂರು ವರ್ಷ ಇದನ್ನ ಹೊಟ್ಟೇಲಿಟ್ಕೊಂಡಿದ್ರಾ?

ಗಂಡ: ಮಿಕ್ಸಿ ಕೆಟ್ಟದ್ದು ಅದಕ್ಕೂ ಮುಂಚೆ. ಐದು ವರ್ಷ.

ಇಷ್ಟು ಹೇಳಿ ಮನಸ್ಸು ಹಗುರವಾಗಿ ಅವನು ಟೀ ಇಡಲು ಒಳಗೆ ಹೋದ. ಎರಡು ಲೋಟ ಹಿಡಿದು ಬರುವಷ್ಟರಲ್ಲಿ, ಮೂರಕ್ಕೆ ಇಳಿದಿದ್ದ ಫೋನಿಗೆ ಒಂದು ಬಿಳಿಯ ವೈರು ಜೋಡಿಯಾಗಿತ್ತು. ಒಂಬತ್ತು ಪರ್ಸೆಂಟ್ ತೋರಿಸುತ್ತಿತ್ತು.

ಗಂಡ: ಚಾರ್ಜರ್ ಯಾರು ಹಾಕಿದ್ದು?

ಹೆಂಡತಿ: ಕೈ ತಾನಾಗಿ ಹೋಯ್ತು.

ಗಂಡ: ಸಹಜವಾಗಿ ಹೋಗ್ಲಿ ಅಂತ ತಾನೇ ನಾವು ಕೂತಿದ್ದು!

ಹೆಂಡತಿ: ಮೂರಕ್ಕೆ ಬಂದಿತ್ತು ರೀ! ಕೆಂಪಗೆ ಮಿಣಮಿಣ ಅಂತಿತ್ತು! ಇಪ್ಪತ್ತನಾಲ್ಕು ವರ್ಷದಲ್ಲಿ ನನ್ನ ಕಣ್ಣೆದುರು ಯಾರನ್ನೂ ಹಾಗೆ ಬಿಟ್ಟಿಲ್ಲ ನಾನು!

ಗಂಡ ಟೀ ಕುಡಿದ. ತನ್ನದನ್ನು ಕುಡಿದು, ಮರೆತು, ಹೆಂಡತಿಯದನ್ನೂ ಕುಡಿದ. ಪರದೆಯ ಮೇಲೆ ಒಂದು ಗಂಟೆ ಮೂವತ್ತೊಂಬತ್ತು ನಿಮಿಷ ಎಂದಿತ್ತು. ಇನ್ನು ಆರನೆಯ ವಿಧಾನವಲ್ಲದೆ ಬೇರೆ ದಾರಿಯಿಲ್ಲ ಎಂದು ಅವನು ತೀರ್ಪಿತ್ತ. ಹೆಂಡತಿ ಒಂದು ಷರತ್ತಿನ ಮೇಲೆ ಒಪ್ಪಿದಳು: ಒಳಗಿರುವವರಿಗೆ ಮೊದಲು ತಿಳಿಸಬೇಕು.

ಗಂಡ: ಅದು ನಮ್ಮಲ್ಲೂ ನಿಯಮ. ಹೇಳದೆ ಕರೆಂಟ್ ತೆಗೆಯೋ ಹಾಗಿಲ್ಲ.

ಹೆಂಡತಿ (ಫೋನಿನ ಹತ್ತಿರ ಬಾಗಿ, ಕೆನ್ನೆ ತಟ್ಟುವಂತೆ ಪರದೆಯನ್ನು ಮೆಲ್ಲನೆ ತಟ್ಟುತ್ತ): ಅಕ್ಕ, ನಾನು ಕಟ್ ಮಾಡ್ತಿಲ್ಲ. ರೀಸ್ಟಾರ್ಟ್ ಮಾಡ್ತಿದ್ದೀವಿ. ಅದು ಬೇರೆ, ಇದು ಬೇರೆ. ಸ್ವಲ್ಪ ಹೊತ್ತು ಕತ್ತಲೆ ಅನ್ನಿಸುತ್ತೆ. ಹೆದರ್ಕೋಬೇಡ. ಹತ್ತರಿಂದ ಹಿಂದಕ್ಕೆ ಎಣಿಸು.

ಗಂಡ ಎರಡು ಬಟನ್ನುಗಳನ್ನು ಒತ್ತಿ ಹಿಡಿದ.

ಗಂಡ: ಒಂದು. ಎರಡು.

ಹೆಂಡತಿ: ಹತ್ತು. ಒಂಬತ್ತು.

ಗಂಡ: ಮೂರು. ನೀನು ಯಾಕೆ ಹಿಂದಕ್ಕೆ ಹೋಗ್ತಿದ್ದೀಯ?

ಹೆಂಡತಿ: ಮಲಗಿಸೋವಾಗ ಹಿಂದಕ್ಕೇ ಎಣಿಸೋದು. ಎಂಟು. ಏಳು.

ಗಂಡ: ಎಂಟು. ಅಲ್ಲ, ನಾಲ್ಕು. ಐದು.

ಹೆಂಡತಿ: ಆರು. ಐದು.

ಗಂಡ: ನನ್ನದು ಐದು, ನಿನ್ನದೂ ಐದು. ಈಗ ಯಾವ ಕಡೆ ಹೋಗೋದು?

ಗೊಂದಲದಲ್ಲಿ ಬೆರಳು ಜಾರಿತು. ಫೋನು ಆರಲಿಲ್ಲ. ಆಗ ಒಂದು ದನಿ ಕೇಳಿಸಿತು:

— ಇನ್ನೂ ಐದಿದೆ! ಬಿಡಬೇಡಿ!

ಗಂಡ (ಕುರ್ಚಿಯಿಂದ ಎದ್ದು): ಬಂತು! ದನಿ ಬಂತು! ಅಕ್ಕ, ನೀವು ಎಷ್ಟನೇ ಮಹಡೀಲಿದ್ದೀರಾ?

— ಮೂರನೇ ಮಹಡಿ! ಬಾಗಿಲು ತೆಗೀರಿ!

ಹೆಂಡತಿ ಫೋನನ್ನು ನೋಡಿದಳು. ಬಾಗಿಲನ್ನು ನೋಡಿದಳು. ಹೋಗಿ ಬಾಗಿಲು ತೆರೆದಳು.

ಹೊಸ್ತಿಲಿನಾಚೆ ಅಕ್ಕ ನಿಂತಿದ್ದರು. ತುಂಬಿದ ಪಾತ್ರೆಯನ್ನು ತುಳುಕದಂತೆ ತರುವವರ ಹಾಗೆ ಎರಡೂ ಕೈಯಲ್ಲಿ ತಮ್ಮ ಫೋನನ್ನು ಹಿಡಿದಿದ್ದರು. ಅವರ ಹಿಂದೆ ಕೊಡೆ ಹಿಡಿದ ಒಬ್ಬ ವಯಸ್ಸಾದವರೂ, ಅವರ ಹಿಂದೆ ತರಕಾರಿ ಚೀಲದ ಒಬ್ಬ ಹೆಂಗಸೂ ಇದ್ದರು.

ಅಕ್ಕ: ಹಠಮಾರಿ ಬಂದಿದ್ದಾಳೆ.

ಹೆಂಡತಿ: ಅಕ್ಕ! ನಿನಗೆ ಕೇಳಿಸ್ತಿತ್ತಾ?

ಅಕ್ಕ: ಒಂದೊಂದು ಮಾತೂ. ನಾನು ಕೂಗಿ ಕೂಗಿ ಗಂಟಲು ಕಟ್ತು, ನಿಮಗೆ ಕೇಳಿಸ್ಲಿಲ್ಲ. ಕಟ್ ಮಾಡಿದ್ರೆ ಇನ್ನೊಂದು ಮೂರು ವರ್ಷ ಹೋಗುತ್ತೆ ಅಂತ, ಹಾಗೇ ಹಿಡ್ಕೊಂಡು ಬಸ್ ಹತ್ತಿದೆ. ಅದೂ ದಾರೀಲಿ ಕೆಟ್ಟು ಒಂದು ಗಂಟೆ ನಿಂತಿತ್ತು.

ಗಂಡ (ಕೊಡೆಯವರನ್ನು ನೋಡಿ): ಇವರು?

ಅಕ್ಕ: ಬಸ್ಸಿನವರು. ಗದ್ದಲದಲ್ಲಿ ಸರಿಯಾಗಿ ಕೇಳಿಸ್ಲಿಲ್ಲ, ಸ್ಪೀಕರ್ ಹಾಕಿದೆ. ಎಲ್ಲರೂ ಕೇಳಿಸ್ಕೊಂಡ್ರು. ನೀವು ಕಾಗದದ್ದು ಓದಿಸಿದಾಗ ಕಂಡಕ್ಟರ್ ಟಿಕೆಟ್ ಕೊಡೋದನ್ನೇ ನಿಲ್ಲಿಸಿದ.

ಕೊಡೆಯವರು: ನೀವೇನಾ ಮಿಕ್ಸಿಯವರು?

ಗಂಡ ತಲೆಯಾಡಿಸಿದ. ಕೊಡೆಯವರು ಅವನ ಭುಜ ತಟ್ಟಿದರು.

ತರಕಾರಿ ಚೀಲದವರು: ಚಾರ್ಜರ್ ಹಾಕಿದ್ದು ಒಳ್ಳೇದಾಯ್ತಮ್ಮ. ನನಗಂತೂ ಜೀವ ಹೋದ ಹಾಗಾಗಿತ್ತು.

ಹೆಂಡತಿ: ಅಕ್ಕ, ಆವತ್ತು ಕಟ್ ಮಾಡಿದ್ದು ನೀನು.

ಅಕ್ಕ: ನೀನು.

ಹೆಂಡತಿ: ನೀನೇ!

ಕೊಡೆಯವರು: ಅದು ಆಮೇಲೆ ತಾಯಿ. ಮೊದಲು ವಾಕ್ಯ ಮುಗಿಸಿ. ನಾನು ಇಳಿಯೋ ಜಾಗ ಬಿಟ್ಟು ನಾಲ್ಕು ಸ್ಟಾಪ್ ಮುಂದೆ ಬಂದಿದ್ದೀನಿ.

ಗಂಡ ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡ.

ಅಕ್ಕ: ಏನು ಮಹಾ ವಾಕ್ಯ ಅದು? ಆವತ್ತು ನಿನ್ನ ಮಾತು ಕಡಿದು ಕಡಿದು ಬರ್ತಿತ್ತು. "ನೋಡು, ನೀನು ಮೊದಲು ನಿನ್ನ ಫೋನನ್ನ ಒಂದ್ಸಲ ಆಫ್ ಮಾಡಿ ಆನ್ ಮಾಡು" ಅಂದೆ.

ತರಕಾರಿ ಚೀಲದವರು ಚೀಲವನ್ನು ಕೆಳಗಿಟ್ಟರು.

ಗಂಡ: ಹಾಗಾದ್ರೆ, ನನ್ನ ವಿಷಯ?

ಅಕ್ಕ: ನಿಮ್ಮ ವಿಷಯ ಆವತ್ತು ಮೊದಲ ಎರಡು ನಿಮಿಷದಲ್ಲೇ ಮಾತಾಡಿ ಮುಗಿಸಿದ್ವಲ್ಲ.

ಐದು ವರ್ಷದ ಹೊರೆ ಇಳಿದದ್ದಕ್ಕೆ ಸಂತೋಷಪಡಬೇಕೋ, ಎರಡೇ ನಿಮಿಷಕ್ಕೆ ಮುಗಿದ ವಿಷಯವಾದದ್ದಕ್ಕೆ ಬೇಸರಪಡಬೇಕೋ ಗಂಡನಿಗೆ ಕೂಡಲೇ ತಿಳಿಯಲಿಲ್ಲ. ಅವನು ರಿಪೇರಿಯವನ ದನಿಯನ್ನು ತಂದುಕೊಂಡು ಹೆಂಡತಿಯತ್ತ ತಿರುಗಿದ.

ಗಂಡ: ನಾನು ಕೇಳಿದ್ದಕ್ಕೆ ನೀನು ಉತ್ತರ ಕೊಡಲಿಲ್ಲ. ಕೊನೇ ಸಲ ಇದನ್ನ ಆಫ್ ಮಾಡಿದ್ದು ಯಾವಾಗ?

ಹೆಂಡತಿ: ಮಾಡೇ ಇಲ್ಲ.

ಗಂಡ: ಮೂರು ವರ್ಷ?

ಹೆಂಡತಿ: ಆಫ್ ಮಾಡಿದಾಗಲೇ ಇವಳು ಫೋನ್ ಮಾಡಿಬಿಟ್ರೆ?

ಅಕ್ಕ ಸೆರಗಿನಿಂದ ಫೋನಿನ ಗಾಜನ್ನು ಒರೆಸಿದರು. ಒರೆಸುವ ಅಗತ್ಯವೇನೂ ಇರಲಿಲ್ಲ.

ಗಂಡ: ಮೂರು ವರ್ಷ ಬಿಡುವಿಲ್ಲದೆ ಓಡಿಸಿದ್ರೆ ಯಾವ ಲಿಫ್ಟ್ ಆದ್ರೂ ನಿಲ್ಲುತ್ತೆ. ಬನ್ನಿ, ಒಬ್ಬರು ಒಂದು ಬಟನ್, ಇನ್ನೊಬ್ಬರು ಇನ್ನೊಂದು. ಯಾರೂ ಒಬ್ಬರೇ ಕಟ್ ಮಾಡಿದ ಹಾಗಾಗಲ್ಲ.

ಅಕ್ಕ ಒಂದು ಬಟನ್ ಒತ್ತಿದರು, ತಂಗಿ ಇನ್ನೊಂದು. ಕೊಡೆಯವರು ಒಂದರಿಂದ ಹತ್ತರವರೆಗೆ, ಮುಂದಕ್ಕೇ, ಗಂಭೀರವಾಗಿ ಎಣಿಸಿದರು. ಪರದೆ ಕಪ್ಪಾಯಿತು. ಬೆಳಗಿತು. ಅಕ್ಕತಂಗಿಯರು ಒಂದೊಂದು ಫೋನು ಹಿಡಿದು ಎದುರುಬದುರು ನಿಂತರು. ಕಾನೂನು ಇಬ್ಬರಿಗೂ ನೆನಪಿತ್ತು. ಕಟ್ ಮಾಡಿದವರು ಈ ಸಲ ಇಬ್ಬರೂ ಆಗಿದ್ದರು. ಇಬ್ಬರೂ ಒಟ್ಟಿಗೇ ಡಯಲ್ ಮಾಡಿ, ಒಟ್ಟಿಗೇ ಕಿವಿಗಿಟ್ಟುಕೊಂಡರು.

ಹೆಂಡತಿ: ಎಂಗೇಜ್ ಬರ್ತಿದೆ.

ಅಕ್ಕ: ನನಗೂ. ಯಾರ ಹತ್ರ ಮಾತಾಡ್ತಿದ್ದೀಯೇ ಅಷ್ಟು ಹೊತ್ತಿಂದ?

ಆ ದಿನ ಖರ್ಚಾದದ್ದು: ರಿಪೇರಿ ಫಾರಮ್ಮು ಒಂದು, ಹಿಂಬದಿ ಮಾತ್ರ. ನೀರು ಒಂದು ಲೋಟ, ಚೆಲ್ಲಿದ್ದು. ಟೀ ಒಟ್ಟು ಏಳು ಲೋಟ. ಅದರಲ್ಲಿ ಎರಡನ್ನು ಗಂಡ ಮೊದಲೇ ಕುಡಿದಿದ್ದ. ಬಸ್ ಟಿಕೆಟ್ ಮೂರು. ಕೊಡೆಯವರಿಗೆ ಹಿಂದಿರುಗಲು ಇನ್ನೊಂದು. ವಾದಕ್ಕೆ ಒಂದು ಗಂಟೆ ನಲವತ್ತೇಳು ನಿಮಿಷ. ರೀಸ್ಟಾರ್ಟಿಗೆ ಹತ್ತು ಸೆಕೆಂಡು.